ಬಲ, ಮೇಲೆ, ಎಡ, ಎಡ, ಕೆಳಗೆ

ಬೀದಿಯವರೆಲ್ಲ ಅವನನ್ನು ಕಪ್ತಾನ ಎಂದೇ ಕರೆಯುತ್ತಿದ್ದರು. ನಿಜ ಹೇಳಬೇಕೆಂದರೆ ಅವನು ಕಪ್ತಾನನೂ ಅಲ್ಲ, ಕಪ್ತಾನನ ಹತ್ತಿರ ನಿಂತು ಮಾತಾಡಿದವನೂ ಅಲ್ಲ. ಯುದ್ಧದ ಕಾಲದಲ್ಲಿ ಮೂರು ವರ್ಷ ಒಂದು ಬೆಂಗಾವಲು ಹಡಗಿನಲ್ಲಿ ಸಾದಾ ನಾವಿಕನಾಗಿದ್ದ. ಡೆಕ್ಕು ತೊಳೆದ, ಹಗ್ಗ ಸುತ್ತಿದ, ತುಕ್ಕು ಕೆರೆದು ಬಣ್ಣ ಬಳಿದ, ಪಾಳಿ ಬಂದಾಗ ಕಡಲು ನೋಡುತ್ತಾ ನಿಂತ. ಯುದ್ಧ ಮುಗಿದ ಮೇಲೆ ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ. ಈ ಬಡ್ತಿ ಬೀದಿಯವರು ಬಿಟ್ಟಿಯಾಗಿ ಕೊಟ್ಟದ್ದು, ಅವನು ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ಸರ್ಕಾರ ಕೊಟ್ಟ ಪದಕ ಮಾತ್ರ ಗುಂಡಿ ಮತ್ತು ಸೂಜಿದಾರ ಇಡುವ ತಗಡಿನ ಡಬ್ಬಿಯಲ್ಲಿ ಬಿದ್ದಿತ್ತು.

ಈಗ ಅವನಿಗೆ ಎಂಬತ್ತನಾಲ್ಕು. ಮಗಳ ಮನೆಯಲ್ಲಿದ್ದ. ಮಗಳಿಗೆ ಐವತ್ತೆರಡು, ಕೆಳಗೆ ಕನ್ನಡಕದಂಗಡಿ, ಮೇಲೆ ಮನೆ. ಗಿರಾಕಿಗಳ ಬಾಯಲ್ಲಿ ಅವಳು ಕನ್ನಡಕದಕ್ಕ. ಇಪ್ಪತ್ತೈದು ವರ್ಷದಲ್ಲಿ ಅರ್ಧ ಊರನ್ನೇ ತನ್ನ ಎತ್ತರದ ಕುರ್ಚಿಯಲ್ಲಿ ಕೂರಿಸಿ ಕಣ್ಣು ಪರೀಕ್ಷೆ ಮಾಡಿದ್ದಳು. ಒಬ್ಬನೇ ಒಬ್ಬ ಅವಳ ಕೈಗೆ ಸಿಕ್ಕಿರಲಿಲ್ಲ, ಅವಳ ಅಪ್ಪ.

"ಊರೋರ ಮೂಗಿಗೆಲ್ಲ ಕನ್ನಡಕ ಏರಿಸ್ತೀರಿ, ಮನೇಲಿರೋ ಮುದುಕರನ್ನ ಕುರ್ಚಿಗೆ ಕೂರಿಸೋಕಾಗಲ್ವಾ?" ಎಂದು ಎದುರು ಅಂಗಡಿಯ ದರ್ಜಿ ಕೆಣಕುತ್ತಿದ್ದ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಒಳಗೊಳಗೆ ಮಾತ್ರ ಮೈ ಉರಿಯುತ್ತಿತ್ತು.

ಏಕೆಂದರೆ ಅಪ್ಪನ ಎಡಗಣ್ಣಿಗೆ ಪೊರೆ ಬಂದಿತ್ತು. ಅದನ್ನು ಹೇಳಲು ಯಂತ್ರ ಬೇಕಿರಲಿಲ್ಲ, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದರೆ ಪಾಪೆಯೊಳಗೆ ಬೆಳ್ಳಗೆ ಕಾಣುತ್ತಿತ್ತು. ಚಹಾಕ್ಕೆ ಬಂದ ಕಣ್ಣಿನ ಡಾಕ್ಟರಮ್ಮ ಮಾತಾಡುತ್ತಲೇ ಇಣುಕಿ ನೋಡಿ, ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಅವಳಿಗೆ ಹೇಳಿದ್ದರು: "ಮೂರು ತಿಂಗಳೊಳಗೆ ಆಪರೇಷನ್ ಮಾಡಿಸಿಬಿಡಿ. ಆಮೇಲೆ ಕಷ್ಟ. ಅರ್ಧ ಗಂಟೆ ಕೆಲಸ." ಅಪ್ಪನದು ಒಂದೇ ಉತ್ತರ. "ಈ ಕಣ್ಣಿಗೆ ಇಷ್ಟು ಸಾಕು." ಬೈದರೂ ಅದೇ, ಅತ್ತರೂ ಅದೇ. ಒಂದೂವರೆ ತಿಂಗಳು ಹೀಗೇ ಕಳೆದುಹೋಗಿತ್ತು.

ಅವನ ವಿಚಿತ್ರಗಳು ಅವಳಿಗೆ ಹೊಸದಲ್ಲ. ಚಹಾ ಬಗ್ಗಿಸುವಾಗ ಕೆಟಲಿನ ಮೂತಿಯನ್ನು ಲೋಟದ ಅಂಚಿಗೆ ಟಣ್ ಎಂದು ತಾಗಿಸಿಯೇ ಬಗ್ಗಿಸುತ್ತಿದ್ದ. "ಹಡಗಲ್ಲಿ ಗಂಟೆ ಹೊಡೀತಿದ್ರಲ್ಲ, ಆ ಅಭ್ಯಾಸ ಹೋಗಿಲ್ಲ," ಎಂದು ಅಮ್ಮ ಇದ್ದಾಗ ಹಾಸ್ಯ ಮಾಡುತ್ತಿದ್ದಳು. ಸಂಜೆ ಕಿಟಕಿಯಲ್ಲಿ ಕೂತರೆ ಬೀದಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಕತ್ತು ಹೊರಳಿಸಿ, ಆಮೇಲೆ ತನಗೆ ತಾನೇ "ಏನೂ ಇಲ್ಲ" ಎನ್ನುತ್ತಿದ್ದ. ಏನು ಇಲ್ಲ ಅಪ್ಪ ಎಂದು ಕೇಳಿದರೆ, "ಏನೂ ಇಲ್ಲ ಅಂದ್ರೆ ಒಳ್ಳೇ ಸುದ್ದಿ, ಹೋಗಿ ಮಲ್ಕೋ," ಎನ್ನುವನು. ಇನ್ನು ಬೂಟಿನ ಹಾಡು. ಅವಳು ಶಾಲೆಗೆ ಹೊರಡುವಾಗ ಅಪ್ಪ ಮಂಡಿಯೂರಿ ಕೂತು ಲೇಸು ಕಟ್ಟುತ್ತಾ ಹಾಡುತ್ತಿದ್ದ: ಬಲ, ಮೇಲೆ, ಎಡ, ಎಡ, ಕೆಳಗೆ. ಅದರಲ್ಲಿ ಅರ್ಥವೂ ಇಲ್ಲ, ರಾಗವೂ ಅಷ್ಟಕ್ಕಷ್ಟೇ. ಆದರೂ ಆ ಬೀದಿಯ ಹುಡುಗಿಯರೆಲ್ಲ ಹಗ್ಗ ಜಿಗಿಯುತ್ತಿದ್ದದ್ದು ಅದೇ ಹಾಡಿಗೆ.

ಹೀಗಿರುವಾಗ ಸೇತುವೆಯಾಚೆಯ ಹಳೆಯ ಕನ್ನಡಕದಂಗಡಿ ಬಾಗಿಲು ಹಾಕಿತು. ಅದರ ಮುದಿ ಮಾಲೀಕ ತನ್ನ ಸಾಮಾನನ್ನು ಎಸೆಯಲು ಮನಸ್ಸಾಗದೆ ಒಂದು ಪೆಟ್ಟಿಗೆ ತುಂಬಿ ಅವಳಿಗೆ ಕಳಿಸಿದ. ಮಖಮಲ್ಲಿನ ಗೂಡುಗಳಲ್ಲಿ ಜೋಡಿಸಿದ ಹಳೆಯ ಗಾಜುಗಳು, ಹಿತ್ತಾಳೆಯ ಚೌಕಟ್ಟು, ಜೊತೆಗೆ ಸುರುಳಿ ಸುತ್ತಿದ, ಕಣ್ಣು ಪರೀಕ್ಷೆಯ ಒಂದು ಪಟ್ಟಿ. ಓದು ಬಾರದವರೂ ಹೇಳಬಹುದಾದಂಥದ್ದು: ಅಕ್ಷರದ ಬದಲು ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಹಲ್ಲು ಯಾವ ಕಡೆಗಿದೆ ಎಂದು ಹೇಳಿದರಾಯಿತು. ಬೆನ್ನಿಗೆ ಮಾಸಿದ ಮೊಹರು, ಯುದ್ಧದ ಕಾಲದ ಸೈನ್ಯ ಭರ್ತಿ ಕಚೇರಿಯದು.

ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಪಟ್ಟಿಯನ್ನು ಗೋಡೆಗೆ ತೂಗುಹಾಕಿ, ದೂರ ನಿಂತು, ಹೇಗಿದೆ ನೋಡೋಣ ಎಂದು ಕೊನೆಯಿಂದ ಎರಡನೆಯ ಸಾಲನ್ನು ಗಟ್ಟಿಯಾಗಿ ಹೇಳಿದಳು. "ಬಲ. ಮೇಲೆ. ಎಡ. ಎಡ..." ಐದನೆಯದಕ್ಕೆ ಕಣ್ಣು ಹೋಗುವ ಮೊದಲೇ ನಾಲಿಗೆ "ಕೆಳಗೆ" ಎಂದುಬಿಟ್ಟಿತ್ತು.

ಅವಳು ತನ್ನ ಗಿರಾಕಿಗಳ ಕುರ್ಚಿಯಲ್ಲೇ ಕುಸಿದು ಕೂತಳು. ಭರ್ತಿ ಕಚೇರಿಯಲ್ಲಿ ಕಣ್ಣಿನ ಪರೀಕ್ಷೆ ಪಾಸಾಗಲು ಓದಲೇಬೇಕಾದ ಸಾಲು ಅದು. ಕಣ್ಣು ಸರಿಯಿದ್ದವನು ಆ ಸಾಲನ್ನು ಒಮ್ಮೆ ಓದಿ ಅಲ್ಲೇ ಮರೆತುಬಿಡುತ್ತಾನೆ. ಬಾಯಿಪಾಠ ಮಾಡುವವನು ಯಾರು? ಲೋಟದ ಅಂಚಿಗೆ ತಾಗುವ ಕೆಟಲಿನ ಟಣ್ ಸದ್ದು ಅವಳ ಕಿವಿಯಲ್ಲಿ ಹೊಸದಾಗಿ ಕೇಳಿಸಿತು. ಒಂದೇ ಕಣ್ಣಿನಲ್ಲಿ ನೋಡುವವರಿಗೆ ಹತ್ತಿರದ ಅಳತೆ ಸಿಗುವುದಿಲ್ಲ. ಇದನ್ನು ಅವಳು ನೂರಾರು ಜನಕ್ಕೆ ವಿವರಿಸಿ ಹೇಳಿದ್ದಳು, ದಿನಕ್ಕೆ ಮೂರು ಹೊತ್ತು ಮನೆಯಲ್ಲಿ ಕೇಳಿಯೂ ಕೇಳಿಸಿಕೊಂಡಿರಲಿಲ್ಲ. ತನ್ನ ದಡ್ಡತನಕ್ಕೆ ತಾನೇ ಹಣೆ ಚಚ್ಚಿಕೊಂಡಳು.

ಮೇಲೆ ಹೋದಾಗ ಅಪ್ಪ ಕಿಟಕಿಯ ಬಳಿ ಕೂತು ಕಿತ್ತಳೆ ಸುಲಿಯುತ್ತಿದ್ದ.

"ಅಪ್ಪ, ಬೂಟಿನ ಹಾಡು ಎಲ್ಲಿ ಕಲಿತೆ ನೀನು?"

"ಯಾವುದೋ ಹಳೇದು."

"ಹಳೇದೇ. ಕೆಳಗೆ ಗೋಡೆಗೆ ತೂಗುಹಾಕಿ ಬಂದಿದೀನಿ. ನೋಡ್ತೀಯಾ?"

ಸಿಪ್ಪೆ ಸುಲಿಯುತ್ತಿದ್ದ ಬೆರಳು ನಿಂತಿತು. ಅಪ್ಪ ಒಂದು ತೊಳೆ ಬಿಡಿಸಿ ಅವಳ ಕೈಗಿಟ್ಟ.

"ಭರ್ತಿಗೆ ನಿಂತ ಸಾಲಲ್ಲಿ ನನ್ನ ಮುಂದೆ ಏಳು ಜನ ಇದ್ರು," ಎಂದ. "ಏಳೂ ಜನ ಗಟ್ಟಿಯಾಗಿ ಅದನ್ನೇ ಹೇಳಿದ್ರು. ನನ್ನ ಸರದಿ ಬರೋಷ್ಟರಲ್ಲಿ ಬಾಯಿಗೆ ಬಂದಿತ್ತು. ಎಡಗಣ್ಣು ಚೆನ್ನಾಗೇ ಇತ್ತು, ಅದರಲ್ಲಿ ನೋಡೇ ಹೇಳಿದೆ. ಬಲಗಣ್ಣು ಹುಟ್ಟಿದಾಗಿಂದ ಮಂಜು. ಅದಕ್ಕೂ ಅದೇ ಸಾಲು ಒಪ್ಪಿಸಿದೆ. ಗುಮಾಸ್ತ ತಲೆ ಕೂಡ ಎತ್ತಲಿಲ್ಲ."

ಕಣ್ಣಿನ ಪರೀಕ್ಷೆಯನ್ನು ಕಿವಿಯಲ್ಲಿ ಪಾಸು ಮಾಡಿದ ಭೂಪ! ಅವಳಿಗೆ ನಗು ಬಂತು. ಅಪ್ಪ ನಗುತ್ತಿರಲಿಲ್ಲ.

"ಆಮೇಲೆ ನನ್ನನ್ನ ಎಲ್ಲಿ ಹಾಕಿದ್ರು ಹೇಳು? ನೋಟದ ಕಾವಲಿಗೆ."

ಆ ಕೆಲಸವನ್ನು ಅವನು ಅವಳಿಗೆ ವಿವರಿಸಿದ. ಹಡಗಿನ ಮೇಲುಗಟ್ಟೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಜನ, ಒಬ್ಬೊಬ್ಬರಿಗೂ ಕಡಲಿನ ಒಂದೊಂದು ಪಾಲು. ಅವರವರ ಪಾಲನ್ನು ಬಿಟ್ಟು ಬೇರೆ ಕಡೆ ಕಣ್ಣೆತ್ತಿಯೂ ನೋಡುವ ಹಾಗಿಲ್ಲ. ಹಿಂದೆ ಬೆಂಕಿ ಬಿದ್ದರೂ ಸರಿ. ಕಾಲು ಗಂಟೆಗೊಮ್ಮೆ ಕಂಡದ್ದನ್ನು ಕೂಗಿ ಹೇಳಬೇಕು, ಕಾಣದಿದ್ದರೆ "ಏನೂ ಇಲ್ಲ" ಎಂದು ಕೂಗಬೇಕು. ಅವನದು ಬಲ ಮುಂಗಡೆಯ ಪಾಲು. ಬಲಗಣ್ಣಿನ ಕೊರತೆ ತುಂಬಿಸಲು ಬೇರೆಯವರಿಗಿಂತ ಎರಡರಷ್ಟು ಕತ್ತು ಹೊರಳಿಸುತ್ತಿದ್ದ. ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಮೇಲಿನವರು ಶಹಬ್ಬಾಸ್ ಎಂದದ್ದೂ ಉಂಟು.

"ಒಂದಿನ ಬೆಳಗಿನ ಪಾಳಿ. ಸೂರ್ಯ ಆಗ ತಾನೇ ಎದ್ದಿದ್ದ. ಏನೂ ಇಲ್ಲ ಅಂತ ಕೂಗಿದೆ, ಪಾಳಿ ಮುಗೀತು, ಹೋಗಿ ಬ್ರೆಡ್ಡು ತಿಂದು ಮಲಗಿದೆ. ಅಷ್ಟೇ. ಅದು ಒಂದು ದಿನ ಅಂತಾನೇ ನೆನಪಿರ್ತಿರಲಿಲ್ಲ ನನಗೆ." ಅಪ್ಪ ಸಿಪ್ಪೆಯ ಚೂರುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. "ತಿಂಗಳಾದ ಮೇಲೆ ಬಂದರಿನ ಕ್ಯಾಂಟೀನಲ್ಲಿ ಒಬ್ಬ ಸಿಕ್ಕಿದ. ಅವನ ಹಡಗು ಮುಳುಗಿತ್ತಂತೆ. ಏಳು ಜನ ತೆಪ್ಪದ ಮೇಲಿದ್ರಂತೆ. ನಮ್ಮ ಹಡಗಿನ ನಂಬರು ಹೇಳಿದ, ತಾರೀಕು, ಹೊತ್ತು ಹೇಳಿದ. ಅವರ ಎದುರಿಗೇ ಹಾದು ಹೋದ್ವಂತೆ, ಅವನು ಹೇಳಿದ ದಿಕ್ಕು ನೋಡಿದ್ರೆ ನನ್ನ ಪಾಲಲ್ಲೇ. ಬಿಳಿ ಅಂಗಿ ಬೀಸಿದ್ರಂತೆ. ಡೆಕ್ಕಿನಿಂದ ಯಾರೋ ಬಕೆಟ್ಟಲ್ಲಿ ನೀರು ಚೆಲ್ಲಿದ್ದೂ ಕಾಣಿಸ್ತಂತೆ ಅವರಿಗೆ. ಎರಡು ದಿನ ಆದ್ಮೇಲೆ ಬೇರೆ ಹಡಗು ಎತ್ತಿಕೊಂಡಾಗ ಉಳಿದಿದ್ದೋರು ನಾಲ್ಕು ಜನ."

"ನೀನು ಅವನಿಗೆ ಏನು ಹೇಳಿದೆ?"

"ಇನ್ನೊಂದು ಚಹಾ ತಗೋತೀಯಾ ಅಂತ ಕೇಳಿದೆ."

"ಅಮ್ಮನಿಗೆ ಗೊತ್ತಿತ್ತಾ?"

"ಹೇಳಿದ್ದೆ. ಅಷ್ಟು ದೊಡ್ಡ ಕಡಲಲ್ಲಿ ಯಾರಿಗೆ ಕಾಣ್ಸುತ್ತೆ, ಬಿಡಿ ಅಂದಳು. ಪಾಪ, ಅವಳು ಇನ್ನೇನು ಹೇಳ್ತಾಳೆ? ಆದರೆ ನನಗೆ ಸಮಾಧಾನ ಬೇಕಾಗಿರಲಿಲ್ಲ, ಮಗಾ. ನನಗೆ ಗೊತ್ತಾಗಬೇಕಾಗಿತ್ತು. ಎರಡು ಕಣ್ಣು ಸರಿಯಿರೋನು ಅಲ್ಲಿ ನಿಂತಿದ್ರೆ ಕಾಣ್ತಿತ್ತಾ, ಇಲ್ವಾ? ಅರವತ್ತೈದು ವರ್ಷದಿಂದ ಅದೊಂದೇ. ಆವತ್ತು ಅವರಿಗೆ ಆಗದ ಕಣ್ಣು, ಈಗ ಬೀದೀಲಿ ಹೋಗೋರ ಬರೋರ ಟೊಪ್ಪಿ ನೋಡೋಕೆ ರಿಪೇರಿ ಮಾಡಿಸ್ಬೇಕಾ?"

ಯಾರಿಗೂ ಕಾಣ್ತಿರಲಿಲ್ಲ ಅಪ್ಪ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪರೀಕ್ಷೆ ಮಾಡದೆ ಯಾರಿಗೂ ಕನ್ನಡಕದ ನಂಬರು ಹೇಳಿದವಳಲ್ಲ ಅವಳು. ಅದಕ್ಕಿಂತ ಹೆಚ್ಚಾಗಿ, ಅವಳಿಗೇ ಈಗ ತಿಳಿಯಬೇಕಿತ್ತು. ಕಾಣುತ್ತಿತ್ತೇ?

"ನನಗೆ ಗೊತ್ತಿಲ್ಲ ಅಪ್ಪ," ಎಂದಳು. "ಊಹೆ ಯಾಕೆ? ನೋಡೇ ಬಿಡೋಣ. ನನ್ನ ಎರಡೂ ಕಣ್ಣು ಸರಿಯಾಗಿವೆ."

ಅಪ್ಪ ಮುಖವೆತ್ತಿ ಅವಳ ದನಿ ಬಂದ ಕಡೆ ನೋಡಿದ. "ನೋಡಿ, ನಿಜ ಹೇಳಿದ್ರೆ ನಿನ್ನ ಕುರ್ಚೀಲಿ ಕೂರ್ತೀನಿ. ಡಾಕ್ಟರ ಹತ್ರಾನೂ ಬರ್ತೀನಿ. ಸಮಾಧಾನಕ್ಕೆ ಏನಾದ್ರೂ ಹೇಳಿದ್ಯೋ, ಮತ್ತೆ ಈ ವಿಷಯ ಎತ್ತಬೇಡ. ನನ್ನ ಕಿವಿ ಇನ್ನೂ ಸರಿಯಾಗಿದೆ."

ಆ ವಾರವೆಲ್ಲ ಅಪ್ಪನಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. ತೆಪ್ಪ ಎಷ್ಟುದ್ದ, ನೀರಿನಿಂದ ಎಷ್ಟು ಮೇಲೆ, ಎಂಥ ಬೂದು ಬಣ್ಣ, ಒಂದೊಂದನ್ನೂ ಹೇಳಿ ಬರೆಸಿದ. ಚೆಲ್ಲಿದ ಬಕೆಟ್ಟು ನೀರು ಕಣ್ಣಿಗೆ ಬೀಳಬೇಕಾದರೆ ದೂರ ಒಂದೂವರೆ ಮೈಲಿಗಿಂತ ಹೆಚ್ಚಿರಲಾರದು ಎಂದು ಲೆಕ್ಕ ಹಾಕಿದ. ಬಂದರಿನ ಕಲ್ಲುಕಟ್ಟೆಯ ತುದಿಯಲ್ಲಿದ್ದ ಹಳೆಯ ದೀಪದ ಗೋಪುರದ ಎರಡನೆಯ ಅಂತಸ್ತು ಹಡಗಿನ ಮೇಲುಗಟ್ಟೆಯಷ್ಟೇ ಎತ್ತರ ಎಂದು ಕಂಡುಹಿಡಿದವನೂ ಅವನೇ. ಅವಳ ಗಿರಾಕಿಯಾದ ಒಬ್ಬ ದೋಣಿಯವನು ಹಳೆಯ ಹಲಗೆಗಳನ್ನು ಬಿಗಿದು ತೆಪ್ಪ ಮಾಡಿ, ಬೂದು ಬಣ್ಣ ಬಳಿದು, ಏಳು ಮೂಟೆ ಕೂರಿಸಿ, ಕೋಲಿಗೆ ಬಿಳಿ ಅಂಗಿ ಕಟ್ಟಿದ.

"ಯಾವ ಕಡೆ ಬಿಡ್ತೀನಿ ಅಂತ ಮಾತ್ರ ಹೇಳಲ್ಲ ಅಕ್ಕ," ಎಂದ ದೋಣಿಯವನು. "ಕನ್ನಡಕದಕ್ಕನ ಕಣ್ಣು ಎಷ್ಟು ಚೆನ್ನಾಗಿದೆ ಅಂತ ನಮಗೂ ಗೊತ್ತಾಗ್ಲಿ."

ಬೆಳಗಾಗುತ್ತಿದ್ದಂತೆ ಅಪ್ಪ ಮಗಳು ಗೋಪುರದ ಮೆಟ್ಟಿಲು ಹತ್ತಿದರು. ಅಪ್ಪನ ಕೈ ಅವಳ ಭುಜದ ಮೇಲಿತ್ತು. ದೋಣಿಯವನು ಆಗಲೇ ತೆಪ್ಪ ಬಿಟ್ಟು ಬಂದು, ಕೆಳಗೆ ದೋಣಿ ಕಟ್ಟಿ ಬೀಡಿ ಹಚ್ಚಿದ್ದ. ಕಡಲ ಮೇಲೆ ಸೂರ್ಯ ಎದ್ದು, ನೀರೆಲ್ಲ ಹೊಳೆಯುತ್ತಿತ್ತು. ಅಪ್ಪನಿಗೆ ಬರೀ ಬಿಳುಪು ಕಾಣುತ್ತಿತ್ತು.

"ಕಣ್ಣನ್ನ ಎಳೆದಾಡಬೇಡ," ಎಂದ ಅವನು, ದುರ್ಬೀನನ್ನು ಅವಳ ಕೈಗೆ ಕೊಡುತ್ತಾ. "ಎಡಗಡೆ ತುದಿಯಿಂದ ಶುರು ಮಾಡು. ಒಂದು ಹೆಜ್ಜೆ, ನಿಲ್ಲು. ಒಂದು ಹೆಜ್ಜೆ, ನಿಲ್ಲು. ನಿಂತಾಗಲೇ ಕಾಣೋದು. ತುದಿಗೆ ಹೋದ್ಮೇಲೆ ಒಂದು ಸಲ ರೆಪ್ಪೆ ಮುಚ್ಚಿ ತೆಗೆ. ಮತ್ತೆ ಮೊದಲಿಂದ."

ಅವಳು ಹಾಗೇ ಮಾಡಿದಳು. ಎಡದ ತುದಿಯಲ್ಲಿ ಬಂದರಿನ ಗೋಡೆ, ನಡುವೆ ದಾರಿ ತೋರಿಸುವ ಕೆಂಪು ತೇಲುಪೀಪಾಯಿ, ಬಲದ ತುದಿಯಲ್ಲಿ ಬಂಡೆಗಳು. ಒಂದು ಸುತ್ತು, ಎರಡು ಸುತ್ತು, ಮೂರು. ಬರೀ ನೀರು, ಅದರ ಮೇಲೆ ಬೆಳಕು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು. ಹದಿನೈದು ನಿಮಿಷವಾದಾಗ ಅಪ್ಪ ಕೇಳಿದ: "ವರದಿ?"

"ಏನೂ ಇಲ್ಲ," ಎಂದಳು. ಹೇಳುವಾಗ ಎದೆಯೊಳಗೆ ಹಗುರವಾಯಿತು. ಇನ್ನೂ ಹದಿನೈದು ನಿಮಿಷ ಹೀಗೇ ಹೋದರೆ, ಯಾರಿಗೂ ಕಾಣ್ತಿರಲಿಲ್ಲ ಎಂದು ಸುಳ್ಳು ಹೇಳದೆಯೇ ಹೇಳಬಹುದು. ಕಾಣದೆ ಇರಲಿ ಎಂದು ಹುಡುಕುವುದು ಅವಳ ಜೀವನದಲ್ಲಿ ಅದೇ ಮೊದಲು.

ಆಮೇಲೆ ಕಂಡಿತು. ಕೆಂಪು ಪೀಪಾಯಿಯ ಬಲಕ್ಕೆ, ನಾಲ್ಕು ಬೆರಳಿನಷ್ಟು ಆಚೆ. ಕಂಡಿತು, ಹೋಯಿತು. ಉಸಿರು ಹಿಡಿದು ಕಾದಳು. ಮತ್ತೆ ಕಂಡಿತು.

ಅವಳು ಬಾಯಿ ತೆರೆಯಲಿಲ್ಲ. ತೆರೆಯಬೇಕಾಗಿಯೂ ಇರಲಿಲ್ಲ, ಉಸಿರು ನಿಂತದ್ದು ಅಪ್ಪನ ಕಿವಿಗೆ ಬಿದ್ದಿತ್ತು. ಆದರೂ ಅವನು ಸುಮ್ಮನೆ ನಿಂತಿದ್ದ. ಹೇಳಬೇಕಾದವಳು ಅವಳು.

"ಕಾಣುತ್ತೆ ಅಪ್ಪ," ಎಂದಳು.

"ಬಲಗಣ್ಣು ಮುಚ್ಕೊಂಡು ನೋಡು."

ಮುಚ್ಚಿಕೊಂಡು ನೋಡಿದಳು. ಅಲೆ ಎದ್ದಿತು. "ಈಗಲೂ ಕಾಣುತ್ತೆ."

ಅಪ್ಪ ಗೋಪುರದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಂದ್ರೆ ಕಣ್ಣಿಂದಲ್ಲ. ಭರ್ತೀಲಿ ಸುಳ್ಳು ಹೇಳಿದ್ದರಿಂದಲೂ ಅಲ್ಲ. ನಾನೇ ನೋಡಲಿಲ್ಲ."

ಅವಳು ಕೈಗಡಿಯಾರ ನೋಡಿದಳು. "ಆವತ್ತು ನಿಮ್ಮ ಹಡಗು ಅದನ್ನ ದಾಟೋಕೆ ಎಷ್ಟು ಹೊತ್ತು ಹಿಡಿದಿರುತ್ತೆ?"

"ಹೆಚ್ಚು ಅಂದ್ರೆ ಹನ್ನೆರಡು ನಿಮಿಷ."

"ನನಗೆ ಇಪ್ಪತ್ತೆರಡು ಆಯ್ತು. ಅದು ಅಲ್ಲಿದೆ ಅಂತ ಗೊತ್ತಿದ್ದೂ. ಹಡಗು ತೂಗಾಡದೆ, ಕಾಲ ಕೆಳಗೆ ಕಲ್ಲು ಇದ್ದೂ. ಕೆಂಪು ಪೀಪಾಯಿ ಪಕ್ಕದಲ್ಲೇ ಇದೆ ಅಪ್ಪ, ಒಂದೊಂದು ಸುತ್ತಲ್ಲೂ ಅಲ್ಲಿ ಕಣ್ಣು ನಿಲ್ಲಿಸಿದ್ದೆ. ಐದು ಸಲ ಅದರ ಮೇಲೇ ನೋಡಿದೀನಿ. ಕಾಣಲಿಲ್ಲ."

"ಮೊದಲನೇ ಸಲಕ್ಕೇ ಕಾಣಬಹುದಿತ್ತು."

"ಹೌದು. ಕಾಣಬಹುದಿತ್ತು," ಎಂದಳು. ಅದನ್ನೂ ಅವಳು ಮುಚ್ಚಿಡಲಿಲ್ಲ. "ಸುಳ್ಳು ಹೇಳ್ತಿದೀನಾ? ಕಿವಿ ಸರಿಯಾಗಿದೆ ಅಂದ್ಯಲ್ಲ, ನೀನೇ ಹೇಳು."

ಅಪ್ಪ ತಲೆ ಓರೆ ಮಾಡಿ ನಿಂತ. ಕೆಳಗೆ ಅಲೆ ಕಲ್ಲಿಗೆ ಬಡಿಯುತ್ತಿತ್ತು, ದೋಣಿಯವನು ಕೆಮ್ಮಿದ. "ಇಲ್ಲ," ಎಂದ ಕೊನೆಗೆ. "ನಿಜಾನೇ ಹೇಳ್ತಿದೀಯ."

ಆಮೇಲೆ ಅವನು ಕೇಳಿದ್ದು ಅವಳು ಎಣಿಸಿರದ ಮಾತು. ಅವನ ದನಿ ಸಣ್ಣ ಮಗುವಿನದಂತೆ ಆಸೆಯಿಂದ ತುಂಬಿತ್ತು. "ಹೇಗಿದೆ ಅದು? ಹೇಗೆ ಕಾಣುತ್ತೆ?"

"ಒಂದು ಗೆರೆ ಅಪ್ಪ. ನೀರಿನ ಮೇಲೆ ಯಾರೋ ಉಗುರಲ್ಲಿ ಗೀರಿದ ಹಾಗೆ. ಅಲೆ ಎತ್ತಿದಾಗ ಇರುತ್ತೆ, ಇಳಿಸಿದಾಗ ಇರಲ್ಲ. ಅಂಗಿ ಮೊದಲು ಗೊತ್ತಾಗಲ್ಲ, ನೀರಿನ ಹೊಳಪಲ್ಲೇ ಸೇರಿಹೋಗುತ್ತೆ. ಗೆರೆ ಸಿಕ್ಕಿದ ಮೇಲೇ ಅಂಗಿ ಸಿಗೋದು."

"ಗೆರೆ," ಎಂದ ಅಪ್ಪ. "ನಾನು ಚುಕ್ಕೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ರೆಪ್ಪೆ ಮುಚ್ಚಿದಾಗಲೆಲ್ಲ ಚುಕ್ಕೆಯನ್ನೇ ಹುಡುಕ್ತಿದ್ದೆ."

ಅವನು ಕಣ್ಣು ಮುಚ್ಚಿದ. ಮುಖ ಎಡದಿಂದ ಬಲಕ್ಕೆ ನಿಧಾನವಾಗಿ ಹೊರಳಿತು, ಒಂದು ಹೆಜ್ಜೆ, ನಿಂತು, ಒಂದು ಹೆಜ್ಜೆ, ನಿಂತು. ಒಂದು ಕಡೆ ಬಂದು ನಿಂತೇಬಿಟ್ಟಿತು. ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಕೆಳಗಿದ್ದ ದೋಣಿಯವನು ಬೆಚ್ಚಿ ಬೀಡಿ ಬೀಳಿಸುವಷ್ಟು ಗಟ್ಟಿಯಾಗಿ ಕೂಗಿದ: "ಬಲ ಮುಂಗಡೆ! ನೀರಿನ ಮೇಲೆ ತೆಪ್ಪ! ಜನ ಇದ್ದಾರೆ!"

ಅವಳು ಅಪ್ಪನ ತೋಳು ಹಿಡಿದುಕೊಂಡು ಅತ್ತಳು. ಅವನು ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಹಸಿವಾಗ್ತಿದೆ ಎಂದ.

ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅಪ್ಪ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಳಗಿಳಿದು ಬಂದ. ಕುರ್ಚಿ ಹತ್ತಲು ಅವಳ ಕೈ ಬೇಡವೆಂದ. ಡಾಕ್ಟರಮ್ಮನಿಗೆ ಕಳಿಸುವ ಚೀಟಿಯಲ್ಲಿ ಎರಡೂ ಕಣ್ಣಿನ ವಿವರ ಬರೆಯಬೇಕಿತ್ತು. ಗೋಡೆಯ ಮೇಲೆ ಅದೇ ಹಳೆಯ ಪಟ್ಟಿ. ಎಡಗಣ್ಣು ಪೊರೆಯೊಳಗಿಂದಲೇ ಮೇಲಿನ ಎರಡು ಸಾಲು ಹೇಳಿತು. ಅದನ್ನು ಬರೆದುಕೊಂಡಳು.

ಆಮೇಲೆ ಎಡಗಣ್ಣಿಗೆ ಮುಚ್ಚಳ ಇಟ್ಟಳು. ಕಡ್ಡಿಯನ್ನು ಕೊನೆಯಿಂದ ಎರಡನೆಯ ಸಾಲಿಗೆ ತಾಗಿಸಿ, "ಇದು ಕೊನೆಯಿಂದ ಎರಡನೇ ಸಾಲು ಅಪ್ಪ. ಓದು," ಎಂದಳು.

ಅಪ್ಪನ ತುಟಿ ಅಲುಗಿತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳಬಲ್ಲ ಸಾಲು ಅದು, ಅವನೂ ಬಲ್ಲ, ಅವಳೂ ಬಲ್ಲಳು. ಅವಳು ಪೆನ್ನು ಹಿಡಿದು ಕಾದಳು.

"ಏನೂ ಕಾಣ್ತಿಲ್ಲ," ಎಂದ ಅಪ್ಪ. "ಹಾಗೇ ಬರ್ಕೋ."